ಕೆಂಪು ಹುಲ್ಲಿನ ಕಂದು ಚುಕ್ಕೆಗೆ ತಾವು ಬರೆದ ಮದ್ದು

ಮಹಾಜನರೇ, ಹುಲ್ಲು ಬೆಳೆಯುವವರೇ, ಹುಲ್ಲು ಮೇಯಿಸುವವರೇ, ಹುಲ್ಲನ್ನೂ ಬಿಡದೆ ಆಳುವವರೇ, ತಾವೆಲ್ಲ ದಯವಿಟ್ಟು ಆಸೀನರಾಗಬೇಕು. ಪೂರ್ವ ಜಾವಾದ ಗುಡ್ಡದ ಮೇಲಿರುವ ನಮ್ಮ ಓಣಿಯಲ್ಲಿ ಅಲಂಕಾರದ ಹುಲ್ಲಿಗೆ ಕಂದು ಚುಕ್ಕೆ ಬಿದ್ದಿದೆ. ನಗುವವರು ಈಗಲೇ ನಕ್ಕು ಮುಗಿಸಿ. ಮುಂದಿನದು ಅಷ್ಟು ಹಗುರವಿಲ್ಲ.

ಮಾನ್ಯ ನಗರ ಸೌಂದರ್ಯಾಧಿಕಾರಿಗಳೇ, ಬರುವ ಶುಕ್ರವಾರ ಬೆಳಗ್ಗೆ, ಓಣಿಯವರೆಲ್ಲ ಸೇರಿ ಕಸ ಬಳಿಯುವ ಹೊತ್ತಿಗೆ, ನನ್ನ ಹೆಂಡತಿ ವುರ್ಯಾನಿಯ ಕೆಂಪು ಹುಲ್ಲನ್ನು ಬುಡಸಮೇತ ಕಿತ್ತು ಸುಡಬೇಕೆಂದು ಆಜ್ಞೆ ಮಾಡಿದ್ದೀರಿ. ಅದನ್ನು ನಿಲ್ಲಿಸಿ. ಆ ಹುಲ್ಲು ನರಿಬಾಲದಂಥ ತೆನೆ ಬಿಡುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಬುಡ ಸೀಳಿ ನೆಟ್ಟರಷ್ಟೇ ವಂಶ. ಓಣಿಯ ಎರಡೂ ಅಂಚಿನಲ್ಲಿ ನೀವೇ ನೆಡಿಸಿ, ಅಂದದ ಓಣಿಯ ಸ್ಪರ್ಧೆಗೆ ಫೋಟೊ ಹೊಡೆಸಿಕೊಂಡ ಹುಲ್ಲೆಲ್ಲ ನಮ್ಮ ಹಿತ್ತಲಿನ ತಾಯಿಬುಡದಿಂದ ಸೀಳಿದ್ದು. ವುರ್ಯಾನಿಯ ಪುಟ್ಟ ಸಸಿತೋಟ ನಿಂತಿರುವುದು ಅದರ ಮೇಲೆ. ಓಣಿಯದನ್ನೂ ಹಿತ್ತಲಿನದನ್ನೂ ಒಟ್ಟಿಗೆ ಸುಟ್ಟರೆ ಆ ಕೆಂಪನ್ನು ಎಲ್ಲಿಂದ ತರೋಣ? ತಮ್ಮ ಕಚೇರಿಯ ಕೆಂಪು ಪಟ್ಟಿಯಿಂದಲೇ?

ತಮ್ಮ ಚಿಕಿತ್ಸಾ ಕ್ರಮವನ್ನು ಸ್ವಲ್ಪ ನೆನಪಿಸುತ್ತೇನೆ. ಮೊದಲು ಚುಕ್ಕೆ ಕಂಡಾಗ "ಬಿಸಿಲಿನ ಬೇಗೆ" ಎಂದಿರಿ. ದಿನಾ ಸಂಜೆ ಮೇಲಿನಿಂದ ನೀರು ಹೊಯ್ಯಿಸಿದಿರಿ. ಮೋಡ ಇಳಿದು ಮನೆಯೊಳಗಿನ ಉಪ್ಪೂ ಒದ್ದೆಯಾಗುವ ಊರಿನಲ್ಲಿ ಬಿಸಿಲಿನ ಬೇಗೆ! ಚುಕ್ಕೆ ಹರಡಿತು. "ಪೋಷಕಾಂಶದ ಕೊರತೆ" ಎಂದಿರಿ, ಯೂರಿಯಾ ಹಾಕಿಸಿದಿರಿ. ಎಲೆ ಸೊಂಪಾಯಿತು, ರೋಗಕ್ಕೆ ಇಂಪಾಯಿತು. ಪಕ್ಕದ ಮನೆಯ ಬು ಙಾತೆಮಿ, ಎಂದರೆ ಙಾತೆಮಿಯಮ್ಮ ಎಂಬ ಅಜ್ಜಿ, ಕಚೇರಿಯ ನೀರು ಸಪ್ಪೆಯಾಯಿತೆಂದು, ಸಂಜೆ ಅಕ್ಕಿ ತೊಳೆದ ನೀರನ್ನೂ ಎಲೆಯ ಮೇಲೇ ಸುರಿದು ಬಂದರು. ಇಲ್ಲಿ ಯಾವ ಗಿಡ ಬಾಡಿದರೂ ಅಕ್ಕಿ ತೊಳೆದ ನೀರೇ ಅಮೃತ. ಬುಡಕ್ಕೆ ಹೊಯ್ದರೆ ಅಮೃತವೇ ಇರಬಹುದು. ರಾತ್ರಿಯಿಡೀ ಎಲೆಗೆ ಅಂಟಿ ಕೂತರೆ ಬೂಷ್ಟಿಗೆ ಔತಣ.

ನಾನೂ ಪಂಡಿತನಲ್ಲ. ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ, ಇಲ್ಲಿನ ಬಟ್ಟೆ ಗಿರಣಿಗೆ ಬಂದು, ಇಲ್ಲಿಯವನೇ ಆಗಿಹೋದವನು. ಮೊದಲು ನಾನು ತುಕ್ಕುರೋಗವೆಂದು ಗಂಧಕ ಎರಚಿ ಕೆಮ್ಮಿದೆ. ಆಮೇಲೆ ವುರ್ಯಾನಿ ಬಿಳಿ ಬಟ್ಟೆಯಲ್ಲಿ ಎಲೆ ಒರೆಸಿದಳು. ತುಕ್ಕಾಗಿದ್ದರೆ ಕಿತ್ತಳೆ ಪುಡಿ ಹತ್ತಬೇಕು; ಹತ್ತಲಿಲ್ಲ. ಚುಕ್ಕೆಯ ನಡುವೆ ಒಣಹುಲ್ಲಿನ ಬಣ್ಣ, ಸುತ್ತ ಕಡುಗಂದು ಅಂಚು. ಇದು ಒದ್ದೆ ಎಲೆಯ ಬೂಷ್ಟು. ಹಿತ್ತಲಿನ ಮೂಲೆಯ ಕೆಲವು ಬುಡಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿದೆವು, ಕತ್ತರಿಸಿದ್ದನ್ನು ಸುಟ್ಟೆವು, ಕುಡುಗೋಲನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆವು, ಗಾಳಿಯಾಡುವಂತೆ ಬುಡ ಸೀಳಿದೆವು, ಬೆಳಗ್ಗೆ ಮಾತ್ರ ಬೇರಿಗೆ ನೀರು ಕೊಟ್ಟೆವು. ಹೊಸ ಎಲೆ ಚೊಕ್ಕವಾಗಿ ಬಂದಿದೆ. ಬಂದು ನೋಡಿ. ನೋಡಲಿಕ್ಕೆ ಆಜ್ಞೆ ಬೇಡ, ಕಣ್ಣು ಸಾಕು.

ಆದರೆ ನೀವು ಕಣ್ಣಿಗಿಂತ ಕಿವಿಯನ್ನು ನಂಬಿದಿರಿ. ಅಂದು ಓಣಿಯ ನಡುವೆ ನಿಂತು ಕೇಳಿದಿರಿ.

"ಸಂಜೆ ನೀರು ಹಾಕಿದ್ದು ಒಳ್ಳೇದಾಯ್ತು ತಾನೆ?"

"ಇಂಗಿಹ್," ಎಂದಿತು ಓಣಿ.

"ಗೊಬ್ಬರಾನೂ ಹಿಡೀತು ತಾನೆ?"

"ಇಂಗಿಹ್."

"ಇಷ್ಟೆಲ್ಲ ಮಾಡಿದ್ಮೇಲೂ ಚುಕ್ಕೆ ಹೋಗಿಲ್ಲ ಅಂದ್ರೆ ತಳಿಯೇ ಕೆಟ್ಟದ್ದು. ಬು ವುರ್ಯಾನಿ, ನಿಮ್ಮ ಹಿತ್ತಲಿಂದೂ ಸೇರಿಸಿ ಸುಟ್ಟುಬಿಡೋಣ, ಆಗ್ಬಹುದಾ?"

ವುರ್ಯಾನಿ ತಲೆ ಬಗ್ಗಿಸಿ "ಇಂಗಿಹ್" ಎಂದಳು. ನೀವು "ಸರ್ವಾನುಮತ" ಎಂದು ಬರೆದುಕೊಂಡು ಹೋದಿರಿ.

ಸ್ವಾಮಿ, ನೀವು ಇದೇ ಮಣ್ಣಿನವರು. ಇಂಗಿಹ್ ಎಂದರೆ ಹೌದು ಎಂದು ಪರದೇಶಿಗೆ ಹೇಳಿಕೊಡಬಹುದು. ನಿಮಗೆ ನೀವೇ ಹೇಳಿಕೊಳ್ಳಬಹುದೇ? ಅದು "ಕೇಳಿಸಿತು, ದೊಡ್ಡವರೇ" ಅಷ್ಟೇ. ನೀವು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಕೂಗಾಡಿದೆ.

"ಯಾಕೆ ಹೂಂ ಅಂದೆ?"

"ಹೂಂ ಅನ್ಲಿಲ್ಲ ಮಾಸ್, ಇಂಗಿಹ್ ಅಂದೆ." ಮಾಸ್ ಎಂದರೆ ಇಲ್ಲಿಯ ಹೆಂಡತಿಯರ 'ರೀ'.

"ಬೇಡ ಅನ್ನೋಕೆ ಏನಾಗಿತ್ತು?"

"ಓಣಿಯೆಲ್ಲ ನೋಡ್ತಿತ್ತು. ದೊಡ್ಡವರು ಟೋಪಿ ಹಾಕ್ಕೊಂಡು ಬಂದಿದ್ರು. ಎದುರಿಗೇ ಬೇಡ ಅಂದಿದ್ರೆ ಅವರು ಮುಖ ಎಲ್ಲಿಟ್ಕೋಬೇಕಿತ್ತು?"

"ಮತ್ತೆ ನಿನ್ನ ಹುಲ್ಲು?"

ಅವಳು ತೆಂಪೆ ಎಂಬ ಸೋಯಾ ಬಿಲ್ಲೆ ಹುರಿದ ಬಾಣಲೆಯನ್ನು ತಿಕ್ಕುತ್ತಲೇ ಇದ್ದಳು. ಅದು ಆಗಲೇ ಬೆಳಗಿ ಆಗಿತ್ತು.

ಕಿತ್ತ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸುತ್ತೀರಂತೆ. ಙಾತೆಮಿ ಅಜ್ಜಿ ಬೇಲಿಯಾಚೆಯಿಂದ, "ಹಾಕ್ಲಿ ಬಿಡಮ್ಮ. ಹುಲ್ಲು ಪ್ಲಾಸ್ಟಿಕ್ ಆದ್ರೆ ನನ್ನ ಮೇಕೆಗೂ ಪ್ಲಾಸ್ಟಿಕ್ ಹಲ್ಲು ಕಟ್ಟಿಸ್ತೀನಿ," ಎಂದರು. ವುರ್ಯಾನಿ ನಕ್ಕಳು, ಆಮೇಲೆ ಸೆರಗಿನಂತೆ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡದ್ದು ಕಡಿಮೆ.

ನನ್ನ ಬೇಡಿಕೆ ಒಂದೇ. ಶುಕ್ರವಾರ ಕುಡುಗೋಲುಗಳಿಗಿಂತ ಮೊದಲು ನೀವು ಬನ್ನಿ, ಟೋಪಿ ಬಿಟ್ಟು, ಒಬ್ಬರೇ. ಪ್ರಶ್ನೆಯನ್ನು ತಿರುಗಿಸಿ ಕೇಳಿ: "ಬು ವುರ್ಯಾನಿ, ಹುಲ್ಲು ಉಳಿಸಿಕೊಳ್ಳೋಣ, ಆಗ್ಬಹುದಾ?" ಅದಕ್ಕೂ ಅವಳು ಇಂಗಿಹ್ ಎನ್ನುತ್ತಾಳೆ. ಆ ಒಂದು ಸಲ ಮಾತ್ರ ಅದನ್ನು ಹೌದು ಎಂದೇ ಬರೆದುಕೊಳ್ಳಿ.

ಇನ್ನು ನಾಟಕ ಸಾಕು. ಈ ಪತ್ರವನ್ನು ನಿಮ್ಮ ಭಾಷೆಯಲ್ಲಿ ಬರೆಯಲು ಮೂರು ಸಲ ಕೂತೆ. ಪ್ರತಿ ಸಲವೂ ಎರಡನೆಯ ಸಾಲಿಗೇ ಅದು ಕ್ಷಮಾಪಣೆಯಾಯಿತು. ಅದಕ್ಕೇ ಕನ್ನಡದಲ್ಲಿ ಬರೆದೆ. ನಿಮಗೆ ಕನ್ನಡ ಬಾರದು. ಇದನ್ನು ಓದಬಲ್ಲ ಯಾರೂ ಶುಕ್ರವಾರವನ್ನು ತಡೆಯಲಾರರು.

ಇಂತಿ,
ಕನ್ನಡದಲ್ಲಿ ಮಾತ್ರ ಬಾಯಿರುವ,
ವುರ್ಯಾನಿಯ ಗಂಡ