ಮಾಲೇಗಾಂವ್ ಬಟ್ಟೆಯ ಬಾಯಿಪಟ್ಟಿ

ನಾಸಿಕ ರೋಡ್
ಸೋಮವಾರ, ೩-೧೦-೧೯೯೪

ಅವ್ವನ ಪಾದಗಳಿಗೆ ನಿನ್ನ ಪ್ರೇಮಾ ತಲೆಯಿಟ್ಟು ಮಾಡುವ ಶರಣಾರ್ಥಿ.

ಇಲ್ಲಿ ನಾವೆಲ್ಲ ಕ್ಷೇಮ. ಔರಂಗಾಬಾದಿನಲ್ಲಿ ನೀನು, ಅಪ್ಪ, ಅಣ್ಣ, ವೈನಿ, ಅಣ್ಣನ ಮಗಳು ನನ್ನ ಮುದ್ದು ಮೃದುಲಾ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಾನು ಕಾಗದ ಹಿಡಿದು ಕೂತದ್ದನ್ನು ನೋಡಿ ಮಾವನವರು, ಎಂದಿನಂತೆ ನಾನೂ ಒಮ್ಮೆ ಓದಿ ಬೀಗರಿಗೆ ಎರಡು ಸಾಲು ಬರೆಯುತ್ತೇನೆ, ಕೆಳಗೆ ಜಾಗ ಬಿಡು ಎಂದಿದ್ದಾರೆ. ಬಿಡುತ್ತೇನೆ. ನಿನ್ನ ಅಳಿಯ ಮಾತ್ರ ಓದುವವರಲ್ಲ. ನಾಸಿಕದಲ್ಲೇ ಹುಟ್ಟಿ ಮರಾಠಿ ಸಾಲೆಗೆ ಹೋದ ಅವರಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಬಂದಾಗಿನಿಂದ ಈ ಊರಿನ ಚಹರೆಯೇ ಬೇರೆಯಾಗಿದೆ. ಅಲ್ಲಿಂದ ಓಡಿಬಂದವರು ಲಾರಿ, ಬಸ್ಸು ಸಿಕ್ಕಿದ್ದರಲ್ಲಿ ಬಂದು ಇಳಿಯುತ್ತಿದ್ದಾರೆ. ಔಷಧಿ ಅಂಗಡಿಯಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಕೇಳಿದರೆ ಕೈ ಮುಗಿಯುತ್ತಾರೆ. ನಮ್ಮ ಸಾಲುಮನೆಗಳ ಚಾಳಿನ ಹೆಂಗಸರು ಕರ್ಪೂರದ ಗಂಟು ಕಟ್ಟಿಕೊಂಡು, ಅದನ್ನು ಮೂಸುತ್ತಾ, ನಲ್ಲಿಯ ಮುಂದೆ ಮಾತ್ರ ಎಂದಿನಂತೆ ಮೈಗೆ ಮೈ ತಾಗಿಸಿ ಜಗಳವಾಡುತ್ತಾರೆ.

ಮೊದಲು ಬಾಯಿಗೆ ದಸ್ತಿ ಕಟ್ಟಿಕೊಂಡು ಬಟ್ಟೆ ಅಂಗಡಿಗೆ ಹೋದವರು ನಿನ್ನ ಅಳಿಯ. ಬಜಾರಿನವರೆಲ್ಲ ಹೊಸ ನವರಿ, ಮದುವಣಗಿತ್ತಿ ಬಂದಳು ಎಂದು ನಕ್ಕರಂತೆ. ಹೊರಗಿನವರು ನಕ್ಕರೆ ಇವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಮಾವನವರೇ ದುಡ್ಡಿನ ಗಲ್ಲೆಯ ಮೇಲಿನಿಂದ ಕೇಳಿದರಂತೆ: "ಮಾರಿ ಮುಚ್ಚಿಕೊಂಡು ಕುಂತ್ರ ಗಿರಾಕಿ ಯಾಕ ಬರ್ತಾನ? ಅಂಗಡಿಗಿ ಮಾಲಕನ ಮಾರೀನೇ ಬೋರ್ಡು." ಇವರು ದಸ್ತಿ ಬಿಚ್ಚಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದರು. ನನಗಂತೂ ಸೆರಗಿದೆ. ಮಾವನವರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರೆ ಮರ್ಯಾದಸ್ತ ಸೊಸೆ ಎನ್ನುತ್ತಾರೆ, ಅದನ್ನೇ ಮಗ ಮಾಡಿದರೆ ಹೇಡಿ ಎನ್ನುತ್ತಾರೆ.

ನಾಲ್ಕು ದಿನ ಕಳೆಯುವುದರಲ್ಲಿ ನಕ್ಕವರೆಲ್ಲ ಬಾಯಿಪಟ್ಟಿ ಹುಡುಕತೊಡಗಿದರು. ಸ್ಟೇಷನ್ನಿನಲ್ಲಿ ಬಾಯಿ ಕಟ್ಟದವನನ್ನು ಜನ ಬೈದು ದೂರ ಸರಿಸುತ್ತಿದ್ದರು. ಆಗ ಮಾವನವರು ಮಾಲೇಗಾಂವ್‌ಗೆ ಹೋಗಿ ಬಿಳಿ ಬಟ್ಟೆಯ ಒಂದು ದೊಡ್ಡ ಗಂಟು ತಂದರು. ಶಾಂತಾಬಾಯಿ ಗೊತ್ತಲ್ಲ, ನಮ್ಮಲ್ಲಿ ಸೀರೆಯೊಳಗಿನ ಪರಕರ ಹೊಲಿಯುವವಳು, ಅವಳೂ ನಾನೂ ಪಡಸಾಲೆಯಲ್ಲಿ ಕೂತು ಬಾಯಿಪಟ್ಟಿ ಹೊಲಿದೆವು. ಹೊಲಿದದ್ದು ಹೊಲಿದಂತೆ ಖರ್ಚಾಯಿತು. ಒಗೆದು ಕೊಡೋಣವೇ ಎಂದು ಕೇಳಿದೆ. ಒಗೆದರೆ ಹೊಸದರ ಗಂಜಿ ಹೋಗುತ್ತದೆ, ಹಳೆಯದೆಂದು ಗಿರಾಕಿ ವಾಪಸು ಕೊಡುತ್ತಾನೆ ಎಂದರು ಮಾವನವರು. ಅವರು ಮಾತ್ರ ಇವತ್ತಿಗೂ ಕಟ್ಟಿಕೊಳ್ಳುವುದಿಲ್ಲ.

ಅಂಗಡಿಯ ಖಂಡಪ್ಪನ ಕೈಯಲ್ಲಿ ಶನಿವಾರ ಕಳಿಸಿದ ಪಟ್ಟಿಗಳ ಕಟ್ಟು ನಿಮಗೆ ತಲುಪಿತೆಂದು ಅವನು ನಿನ್ನೆ ಬಂದು ಹೇಳಿದ. ಅಪ್ಪ ತಮ್ಮ ಬೇಳೆ ಅಂಗಡಿಯ ಹಮಾಲರಿಗೂ ಹಂಚುತ್ತೇನೆಂದರಂತೆ. ಗುಲಾಬಿ ಹೂವಿನ ಕಸೂತಿ ಹಾಕಿದ ಸಣ್ಣದನ್ನು ಮೃದುಲಾ ಅಲ್ಲೇ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಳಂತೆ. ರಾತ್ರಿಯೂ ಬಿಚ್ಚಲು ಒಪ್ಪಲಿಲ್ಲವಂತೆ. ಆ ಹೂವು ಹಾಕಿದವಳು ನಾನೇ.

ಶಾಂತಾಬಾಯಿ ಶುಕ್ರವಾರದಿಂದ ಹೊಲಿಯಲು ಬಂದಿಲ್ಲ. ಬಿಸಿಲಿನ ಜ್ವರ ಎಂದು ಮಾವನವರು ಹೇಳುತ್ತಾರೆ. ನಿನ್ನೆ ಮುನಿಸಿಪಾಲಿಟಿಯವರು ಚಾಳಿಗೆ ಬಂದು, ಸೂರತ್ತಿನಿಂದ ನಿಮ್ಮಲ್ಲಿಗೆ ಯಾರಾದರೂ ಬಂದಿದ್ದಾರೆಯೇ ಎಂದು ಮನೆಮನೆಗೂ ಕೇಳಿದರು. ಯಾರೂ ಬಂದಿಲ್ಲ ಎಂದು ಮಾವನವರು ಹೇಳಿದರು. ಅದು ನಿಜವೇ, ಯಾವ ಮನುಷ್ಯರೂ ಬಂದಿಲ್ಲ.

ಎರಡು ದಿನದಿಂದ ನನಗೆ ಯಾಕೋ ಅಜ್ಜಿಯ ಮಾತು ನೆನಪಾಗುತ್ತಿದೆ. ಅವಳು ಚಿಕ್ಕವಳಿದ್ದಾಗ ಭಾಲ್ಕಿಯಲ್ಲಿ ಮನೆಯೊಳಗೆ ಇಲಿ ಬಿದ್ದರೆ ಒಲೆ ಆರಿಸಿ, ಬಾಗಿಲಿಗೆ ಕೀಲಿ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ. ಸಮಯ ಸಿಕ್ಕಾಗ ಆ ಕಥೆಯನ್ನು ಅಪ್ಪನಿಗೂ ಒಮ್ಮೆ ಹೇಳು.

ದಸರೆಗೆ ನೀವೆಲ್ಲ ಇಲ್ಲಿಗೇ ಬರಬೇಕೆಂದು ಮಾವನವರ ಒತ್ತಾಯ. ನಿನ್ನ ಮೊಣಕಾಲು ನೋವಿರುವಾಗ ಅಷ್ಟು ದೂರದ ಬಸ್ಸು ಬೇಡವೆಂದು ನನಗೆ ಅನಿಸುತ್ತದೆ. ಉಳಿದದ್ದೆಲ್ಲ ನಿನಗೆ ಬಿಟ್ಟದ್ದು.

ನಿನ್ನ ಮಡಿಲಿನ ನೆನಪಿನಲ್ಲಿರುವ ಮಗಳು,
ಪ್ರೇಮಾ

ಬೀಗರಾದ ರೇವಣಪ್ಪನವರಿಗೆ ಶಿವರಾಯನ ಶರಣಾರ್ಥಿ. ಮಗಳು ಸುಖವಾಗಿದ್ದಾಳೆ. ಪಟ್ಟಿಯ ಮಾಲು ಚಲೋ ಇದೆ, ನಿಮ್ಮ ಬಜಾರಿನಲ್ಲೂ ನಡೆಯುತ್ತದೆ. ಬೇಕಾದಷ್ಟು ಹೇಳಿ ಕಳಿಸಿರಿ. ಹಬ್ಬಕ್ಕೆ ತಪ್ಪದೆ ಬರಬೇಕು.

ತಾ.ಕ.: ಅವ್ವಾ, ಇದನ್ನು ಮಾವನವರು ನೋಡಿಲ್ಲ. ಅವರು ಓದಿ ಮಡಚಿ ಕೊಟ್ಟ ಕಾಗದವನ್ನು ಪೋಸ್ಟಿಗೆ ಹಾಕಿ ಬರುತ್ತೇನೆಂದು ಹೊರಟವಳು ಬಸ್ ಸ್ಟ್ಯಾಂಡಿಗೆ ಬಂದಿದ್ದೇನೆ. ಮೊದಲು ನಿನ್ನ ಎದುರು ಮನೆಯ ರತ್ನಾಕರ ಅವರ ನಂಬರಿಗೆ ಎಸ್‌ಟಿಡಿ ಬೂತಿನಿಂದ ಮತ್ತೆ ಮತ್ತೆ ಫೋನು ಮಾಡಿದೆ, ಎತ್ತುವವರಿಲ್ಲ. ಅವರೂ ಹೆದರಿ ಊರು ಬಿಟ್ಟರೋ ಏನೋ. ಔರಂಗಾಬಾದ್ ಬಸ್ಸಿನ ಕಂಡಕ್ಟರ್ ಮಾಳಪ್ಪ ನಮ್ಮ ಉದಗೀರ ಕಡೆಯವನು, ಇವತ್ತೇ ನಿನ್ನ ಕೈಗೆ ಕೊಡುತ್ತೇನೆಂದಿದ್ದಾನೆ.

ಈಗ ಮೊದಲ ಮಾತು. ನಾನು ಕಳಿಸಿದ ಪಟ್ಟಿಗಳನ್ನೆಲ್ಲ ಸುಟ್ಟುಬಿಡು. ಮೃದುಲಾ ಅತ್ತರೂ ಕೇಳಬೇಡ, ಅವಳದನ್ನು ಎಲ್ಲಕ್ಕಿಂತ ಮೊದಲು ಒಲೆಗೆ ಹಾಕು. ಅಪ್ಪ ಹಮಾಲರಿಗೆ ಹಂಚಿದ್ದರೆ ಮರಳಿ ಇಸಿದುಕೊಳ್ಳಲಿ, ನಾಚಿಕೆ ಬೇಡ.

ಆ ಬಟ್ಟೆ ಮಾಲೇಗಾಂವ್‌ನದಲ್ಲ. ಗಂಟು ಬಿಚ್ಚಿದ ದಿನ ಅದರ ಮಡಿಕೆಯೊಳಗೆ ಸತ್ತ ಇಲಿ ಇತ್ತು. ಬಟ್ಟೆಯಿದ್ದಲ್ಲಿ ಇಲಿ ಇದ್ದೇ ಇರುತ್ತದೆ, ಹೊರಗೆ ಎಸೆದು ಬಾ, ಯಾರ ಮುಂದೂ ಆಡಬೇಡ ಎಂದರು ಮಾವನವರು. ನಾನು ಎಸೆದೆ, ಕೈ ತೊಳೆದುಕೊಂಡೆ, ಮಷೀನಿನ ಮುಂದೆ ಕೂತೆ. ನಿನ್ನೆ ಮಧ್ಯಾಹ್ನ, ಖಂಡಪ್ಪ ಬಂದು ಹೋದ ಮೇಲೆ, ನೆಲ ಒರೆಸಲೆಂದು ಆ ಗಂಟಿನ ಗೋಣಿತಟ್ಟು ಹರಿಯುವಾಗ ಒಳಮಗ್ಗುಲಲ್ಲಿ ಸೂರತ್ತಿನ ಅಂಗಡಿಯ ಮೊಹರು ಕಂಡಿತು. ಓಡಿಬಂದ ಲಾರಿಯೊಂದರಿಂದ ಮಾಲೇಗಾಂವ್‌ನಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ನಾನು ಸೆರಗು ಕೆಳಗೆ ಬಿಟ್ಟು, ಮಾವನವರ ಮುಖವನ್ನೇ ನೋಡಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಬಟ್ಟಿಗಿ ಊರ ಇರ್ತದೇನವಾ?" ಎಂದರು.

ಶಾಂತಾಬಾಯಿಗೆ ಬಿಸಿಲಿನ ಜ್ವರವಲ್ಲ. ಇವತ್ತು ಬೆಳಿಗ್ಗೆ ಉಸಿರಾಡಲಾಗದೆ ಒದ್ದಾಡುತ್ತಿದ್ದವಳನ್ನು ದೊಡ್ಡಾಸ್ಪತ್ರೆಗೆ ಒಯ್ದರು. ಹೊಲಿಯುವಾಗ ದಾರ ಹರಿಯಲು ನಾವಿಬ್ಬರೂ ಅದೇ ಬಟ್ಟೆಯನ್ನು ಹಲ್ಲಿಗೆ ಹಚ್ಚಿದ್ದೇವೆ. ಬಟ್ಟೆಯಿಂದಲೇ ಬಂತೋ ಬೇರೆಡೆಯಿಂದ ಬಂತೋ ನನಗೆ ತಿಳಿಯದು. ತಿಳಿಯುವವರೆಗೆ ಕಾಯುವ ಧೈರ್ಯ ನನಗಿಲ್ಲ.

ಹಾಗೆಂದು ಬಾಯಿ ಮುಚ್ಚಿಕೊಳ್ಳುವುದನ್ನು ಬಿಡಬೇಡಿ. ಅಪ್ಪನ ಹಳೆಯ ಧೋತರ ಹರಿದು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಕಟ್ಟಿಕೊಳ್ಳಿ. ಇವತ್ತೇ ಮೃದುಲಾಳನ್ನು ಡಾಕ್ಟರಿಗೆ ತೋರಿಸು, ಎಲ್ಲವನ್ನೂ ಬಿಚ್ಚಿ ಹೇಳು. ಬೀಗರ ಮರ್ಯಾದೆ ಎಂದು ಅಪ್ಪ ಹಿಂದೆ ಮುಂದೆ ನೋಡಿದರೆ, ಪ್ರೇಮಾ ಆಣೆ ಇಟ್ಟಿದ್ದಾಳೆ ಎನ್ನು.

ಇವರು ನನ್ನ ಪಕ್ಕದಲ್ಲೇ ನಿಂತಿದ್ದಾರೆ. ಬಾಯಿಗೆ ಅದೇ ಹಳೆಯ ದಸ್ತಿ ಕಟ್ಟಿಕೊಂಡಿದ್ದಾರೆ. ಅಕ್ಷರ ತಿಳಿಯದಿದ್ದರೂ ನಾನೇನು ಬರೆಯುತ್ತಿದ್ದೇನೆಂದು ಅವರಿಗೆ ಗೊತ್ತು. ಮುನಿಸಿಪಾಲಿಟಿಗೆ ಹೋಗಿ ಉಳಿದ ಗಂಟನ್ನು ತೋರಿಸುತ್ತೇನೆಂದಿದ್ದಾರೆ. ತಂದೆಯ ವಿರುದ್ಧ ಅವರು ಎಂದೂ ಹೋದವರಲ್ಲ, ಹೋಗುತ್ತಾರೋ ಇಲ್ಲವೋ ಹೇಳಲಾರೆ. ಅದಕ್ಕೂ ಮೊದಲು ನನ್ನನ್ನು ಶಾಂತಾಬಾಯಿ ಇರುವಲ್ಲಿಗೇ ಕರೆದೊಯ್ಯುತ್ತಾರೆ. ಅವಳನ್ನು ನೋಡಿ ಬರಲು ಎಂದು ಬರೆಯಬೇಕೆಂದಿದ್ದೆ, ನಿನ್ನ ಮುಂದೆ ಸುಳ್ಳು ಬರುವುದಿಲ್ಲ. ನೋಡಲೆಂದು ನೀನು ಹೊರಟು ಬರಬೇಡ, ನನ್ನ ಮೇಲಿನ ಮಾಯೆಗಾದರೂ ಬರಬೇಡ.

ಮಾಳಪ್ಪನಿಗೆ ಇದನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕೊಡುತ್ತಿದ್ದೇನೆ. ಓದಿಯಾದ ಮೇಲೆ ಚೀಲವನ್ನೂ ಕಾಗದವನ್ನೂ ಅದೇ ಒಲೆಗೆ ಹಾಕಿ ಸಾಬೂನಿನಿಂದ ಕೈ ತೊಳೆದುಕೋ. ಬರೆಯುವಾಗ ಸೆರಗು ಅಡ್ಡ ಹಿಡಿದೇ ಇದ್ದೆ, ಆದರೂ ಕೆಮ್ಮು ತಡೆಯಲಾಗಲಿಲ್ಲ.