ನಿನ್ನ ದುರ್ಬೀನಿನ ಉಂಗುರ

ಅಪ್ಪ,

ನೀನು ಹೋದಮೇಲೆ ಬೀರುವಿನಲ್ಲೇ ಇದ್ದ ನಿನ್ನ ದುರ್ಬೀನನ್ನು ಇವತ್ತು ಬೆಳಿಗ್ಗೆ ಕೊರಳಿಗೆ ಹಾಕಿಕೊಂಡು ಕಡಲತೀರದ ಉದ್ಯಾನಕ್ಕೆ ಹೋಗಿದ್ದೆ. ಹೌದು, ನಾನೇ. "ಒಂದು ಭಾನುವಾರ ಬಾರೇ" ಎಂದು ನೀನು ಕರೆದಾಗಲೆಲ್ಲ ಮುಸುಕೆಳೆದು ಮಲಗುತ್ತಿದ್ದವಳು.

ಕಾಲುದಾರಿ ಮುಗಿಯುವಲ್ಲಿ, ಕೆಸರಿನ ಮೇಲೆ ಉದ್ದ ಕೊಕ್ಕಿನ ಹಕ್ಕಿಗಳ ಹಿಂಡಿತ್ತು. ದುರ್ಬೀನಿನಲ್ಲಿ ನೋಡಿದರೆ ಎಲ್ಲ ಮಸುಕು. ಇಂಥದ್ದನ್ನು ಹಿಡಿದು ಅದೇನು ನೋಡುತ್ತಿದ್ದೆಯೋ ಎಂದು ನಿನ್ನ ಮೇಲೇ ಸಿಟ್ಟು ಬಂತು. ಪಕ್ಕದಲ್ಲಿದ್ದ ಉದ್ಯಾನದ ಗಾರ್ಡ್ ಹೆಂಗಸು ಅದನ್ನು ಇಸಿದುಕೊಂಡು, ಬಲಗಣ್ಣಿನ ಕಡೆಯ ಉಂಗುರ ತೋರಿಸಿದಳು.

"ಇದು ಬೇರೆ ಯಾರ್ದೋ ಕಣ್ಣಿಗೆ ಹೊಂದಿಸಿರೋದು ಕಣ್ರೀ. ನಿಮ್ಮ ಕಣ್ಣಿಗೆ ಬೇಕಾದ ಹಾಗೆ ತಿರುಗಿಸ್ಕೊಳ್ಳಿ."

ತಿರುಗಿಸಿದೆ. ಒಂದೊಂದು ಗರಿಯೂ ಕಂಡಿತು. ಒಂದು ಹಕ್ಕಿ ಕೆಸರಿನಿಂದ ಹುಳು ಎಳೆದು, ನೀರಲ್ಲಿ ಅದ್ದಿ ತೊಳೆದು ನುಂಗಿತು. "ನೋಡಪ್ಪ, ತೊಳ್ಕೊಂಡು ತಿನ್ನುತ್ತೆ" ಎನ್ನುತ್ತ ಪಕ್ಕಕ್ಕೆ ತಿರುಗಿದೆ. ಗಾರ್ಡ್ ಕೂಡ ಆಗಲೇ ಮುಂದೆ ಹೋಗಿದ್ದಳು.

ನೀನು ಇಟ್ಟಿದ್ದ ಜಾಗದಿಂದ ಉಂಗುರವನ್ನು ಕದಲಿಸಿಬಿಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು. ಹಿಂದಕ್ಕೆ ತಿರುಗಿಸುತ್ತ ಬಹಳ ಹೊತ್ತು ನಿಂತೆ. ಮಸುಕೇನೋ ಮತ್ತೆ ಬಂತು. ಅದರಲ್ಲಿ ನೀನು ಇಟ್ಟಿದ್ದ ಜಾಗ ಯಾವುದೆಂದು ಮಾತ್ರ ತಿಳಿಯಲಿಲ್ಲ.