ಎಡಿನ್‌ಬರೋಗೆ ಬರೆದುಕೊಟ್ಟ ದಾರಿ

೧೪ ಮೇ ೧೯೯೭, ಬುಧವಾರ, ಶ್ಯಾಂಟಿಲಿ, ಅಮೆರಿಕ

ಸೂಟ್‌ಕೇಸ್ ಇನ್ನೂ ಬಾಗಿಲ ಹತ್ತಿರವೇ ಇದೆ. ಬಿಚ್ಚಲು ಮನಸ್ಸಿಲ್ಲ.

ನಾಳೆ ಎಡಿನ್‌ಬರೋಗೆ ಹೊರಡಬೇಕಿತ್ತು. ಮೈಸೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತ, ಆ ಊರಿನ ಓಣಿಗಳನ್ನು ಕಣ್ಣಾರೆ ಕಂಡವಳಂತೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಬೆಳಿಗ್ಗೆ ಲಾಯರ್ ಫೋನ್ ಮಾಡಿದರು. ಗ್ರೀನ್‌ಕಾರ್ಡ್ ಅರ್ಜಿ ಬಾಕಿ ಇರುವಾಗ ಅನುಮತಿ ಪತ್ರವಿಲ್ಲದೆ ದೇಶ ಬಿಟ್ಟರೆ ಅರ್ಜಿಯೇ ಹೋಯಿತಂತೆ. ಟಿಕೆಟ್ ತೆಗೆದ ಇವರಿಗೆ ಅದು ಗೊತ್ತೇ ಇರಲಿಲ್ಲ.

"ಬಿಡೇ, ಆ ಊರೇನು ಓಡ್ಹೋಗತ್ತಾ? ಕಾರ್ಡ್ ಬಂದ್ಮೇಲೆ ಪ್ಲಾನ್ ಮಾಡೋಣ," ಎಂದರು. ನಾನು ಕೆಲಸಕ್ಕೆ ಸೇರುವುದೂ ಕಾರ್ಡ್ ಬಂದ ಮೇಲೆಯೇ. ಇಲ್ಲಿಗೆ ಬಂದು ಮೂರು ವರ್ಷವಾಯಿತು.

ನಮ್ಮ ಜೊತೆ ಬರಬೇಕಿದ್ದ ಪಕ್ಕದ ಮನೆಯ ಕನೀಜ್ ಆಂಟಿ ಇಲ್ಲಿನ ಸಿಟಿಜನ್. ಅವರೊಬ್ಬರೇ ಹೋಗುತ್ತಾರೆ. ಸಂಜೆ ಬಂದು, "ವಸಂತಾ, ನಿಂಗೆ ಗೊತ್ತಿರೋ ಊರು, ದಾರಿ ಬರ್ಕೊಡಮ್ಮ," ಎಂದರು. ಬರೆದುಕೊಟ್ಟೆ. ಕೋಟೆಯಿಂದ ಇಳಿಜಾರು, ಎಡಕ್ಕೆ ಕಿರಿದಾದ ಓಣಿ, ಒಳಗೆ ಲೇಖಕರ ಮ್ಯೂಸಿಯಂ. ಕೈ ಎಲ್ಲೂ ತಡೆಯಲಿಲ್ಲ.

ಅವರು ಹೋದ ಮೇಲೆ ಇನ್ನೊಂದು ಹಾಳೆ ತೆಗೆದು, ನಮ್ಮ ಮನೆಯಿಂದ ಲೈಬ್ರರಿಗೆ ಹೋಗುವ ದಾರಿ ಬರೆಯಲು ಕೂತೆ. ಪ್ರತಿ ಶನಿವಾರ ಇವರ ಪಕ್ಕದ ಸೀಟಿನಲ್ಲಿ ಕೂತು ಹೋಗುವ ದಾರಿ. ಎರಡನೆಯ ಸಿಗ್ನಲ್ ದಾಟಿದ ಮೇಲೆ ಎಡಕ್ಕೋ, ಇಲ್ಲಾ ಬಲಕ್ಕೋ? ಇಲ್ಲಿ ಕೈ ತಡೆಯಿತು.